ಕಿವಿ ಹಿಂಡುವ ಹಕ್ಕು

ಹೋದ ಮಳೆಗಾಲದಲ್ಲಿ ಅಪ್ಪ ರಾಯಚೂರಿನ ಮನೆಗೆ ಬೀಗ ಹಾಕಿ ಮಲ್ಕಾಜ್‌ಗಿರಿಯ ನಮ್ಮ ಫ್ಲಾಟಿಗೆ ಬಂದರು. ಸಾಮಾನು ಹೆಚ್ಚಿರಲಿಲ್ಲ. ಎರಡು ಟ್ರಂಕು, ಒಂದು ಚೀಲ ಕ್ಯಾಸೆಟ್ಟು, ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಆಂಪ್ಲಿಫೈಯರ್. ಆ ಆಂಪ್ಲಿಫೈಯರ್ ಹುಟ್ಟಿದ್ದು ಈ ಊರಿನಲ್ಲೇ. ಎಂಬತ್ತರ ದಶಕದಲ್ಲಿ ಅಪ್ಪ ರೈಲು ಹತ್ತಿ ಬಂದು, ಕೋಠಿಯ ಗುಜರಾತಿ ಗಲ್ಲಿಯಲ್ಲಿ ಬಿಡಿಭಾಗ ಕೊಂಡು, ಅಲ್ಲೇ ಒಬ್ಬ ಮೆಕ್ಯಾನಿಕ್ ಕೈಯಲ್ಲಿ ಜೋಡಿಸಿಕೊಂಡು ಹೋಗಿದ್ದರು. ಮುಂದುಗಡೆ ನಾಲ್ಕು ನಾಬ್: ವಾಲ್ಯೂಮ್, ಬ್ಯಾಲೆನ್ಸ್, ಬಾಸ್, ಟ್ರೆಬಲ್.

ಜಗಳ ಶುರುವಾದದ್ದು ನಾಲ್ಕನೆಯದರಿಂದ. ಬೆಳಿಗ್ಗೆ ಅಪ್ಪ ಹಾಡು ಹಚ್ಚಿದರೆ ಟ್ರೆಬಲ್ ನಾಬ್ ಬಲತುದಿಗೆ ಹೋಗಿ ನಿಂತಿರುತ್ತಿತ್ತು. ತಾಳದ ಚಿಣಿಚಿಣಿ ಅಡುಗೆಮನೆಯವರೆಗೂ ಚುಚ್ಚುತ್ತಿತ್ತು. ನಾನು ಹೋಗಿ ಅದನ್ನು ನಡುವಿನ ಸೊನ್ನೆಗೆ ತಂದು ನಿಲ್ಲಿಸುತ್ತಿದ್ದೆ. "ಅಪ್ಪಾ, ಅದನ್ನ ನಡುವನ ಇಡ್ರಿ. ಅವರು ಹೆಂಗ ರೆಕಾರ್ಡ್ ಮಾಡ್ಯಾರೋ ಹಂಗ ಕೇಳಬೇಕು." ಅಪ್ಪ ಏನೂ ಅನ್ನುತ್ತಿರಲಿಲ್ಲ. ನಾನು ಸ್ನಾನಕ್ಕೆ ಹೋದ ಕೂಡಲೇ ನಾಬ್ ಮತ್ತೆ ಬಲಕ್ಕೆ. ಹೀಗೆ ಎರಡು ತಿಂಗಳು ನಡೆಯಿತು.

"ಅವರು ರೆಕಾರ್ಡ್ ಮಾಡಿದ ಹಾಗೆ" ಎಂಬ ನನ್ನ ಮಾತು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದದ್ದರ ಫಲ ಈ ಬರಹ.

ನಮ್ಮಲ್ಲಿ ರೇಡಿಯೋದ ನಾಬಿಗೆ 'ಕಿವಿ' ಎನ್ನುವುದುಂಟು. 'ರೇಡಿಯೋದ ಕಿವಿ ಹಿಂಡು' ಎಂದು ಅಜ್ಜ ಹೇಳುತ್ತಿದ್ದರು. ಪೆಟ್ಟಿಗೆಗೆ ಬುದ್ಧಿ ಕಲಿಸಿ ನಮಗೆ ಬೇಕಾದ ಹಾಗೆ ಹಾಡಿಸುವುದು ಎಂಬ ಅರ್ಥ ಅದರಲ್ಲಿದೆ. ಈ ಕಿವಿ ಹಿಂಡುವ ಕೆಲಸ ವಿದ್ಯುತ್ತಿಗಿಂತ ಹಳೆಯದು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡಾಗ ಮೈಕ್ರೋಫೋನೇ ಇರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಹಾಡಬೇಕು, ಆ ಅದುರಿಗೆ ಸೂಜಿ ಮೇಣದ ಮೇಲೆ ಗೀರಬೇಕು. ಮನೆಯಲ್ಲಿ ಕೇಳುವ ಗ್ರಾಮೊಫೋನಿಗೂ ನಾಬ್ ಇರಲಿಲ್ಲ. ಆದರೆ ಸೂಜಿ ಇತ್ತು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿ ಚಿಕ್ಕ ತಗಡಿನ ಡಬ್ಬಿಗಳಲ್ಲಿ ಜೋರು ದನಿಯ ಸೂಜಿ, ಅರೆ ದನಿಯ ಸೂಜಿ, ಮೆತ್ತನೆ ದನಿಯ ಸೂಜಿ ಎಂದು ಬೇರೆ ಬೇರೆ ಮಾರುತ್ತಿತ್ತು. ದಪ್ಪ ಸೂಜಿ ಹಾಕಿದರೆ ದನಿ ಜೋರು, ಕಿರಿಚಲೂ ಜೋರು. ಬಿದಿರಿನ ಅಥವಾ ಮುಳ್ಳಿನ ಸೂಜಿ ಹಾಕಿದರೆ ಮೇಲಿನ ದನಿಯ ಚೂಪು ಸವೆದು ಹಾಡು ಮೆತ್ತಗಾಗುತ್ತಿತ್ತು. ಪೆಟ್ಟಿಗೆಗೆ ಬಾಗಿಲಿದ್ದರೆ ಅದನ್ನು ಅರ್ಧ ಮುಚ್ಚಿದರೂ ಅದೇ ಪರಿಣಾಮ. ಯಾವ ಸೂಜಿ ಎಂದು ನಿರ್ಧರಿಸುತ್ತಿದ್ದವರು ಮನೆಯವರು.

1925ರಲ್ಲಿ ಮೈಕ್ರೋಫೋನ್ ಮತ್ತು ವಾಲ್ವು ಬಂದು ರೆಕಾರ್ಡಿಂಗ್ ವಿದ್ಯುತ್ತಿಗೆ ತಿರುಗಿತು. ಬೆನ್ನಿಗೇ ರೇಡಿಯೋ ಮನೆ ಹೊಕ್ಕಿತು. ಹೈದರಾಬಾದಿನಲ್ಲಿ ನಿಜಾಮರ ಕಾಲದ ಡೆಕ್ಕನ್ ರೇಡಿಯೋ ಇತ್ತು. ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡದಲ್ಲೂ ಪ್ರಸಾರ ಮಾಡುತ್ತಿದ್ದ ಅದು 1950ರ ಏಪ್ರಿಲ್‌ನಲ್ಲಿ ಆಕಾಶವಾಣಿಯೊಳಗೆ ಸೇರಿಹೋಯಿತು. ರಾಯಚೂರು, ಕಲಬುರಗಿ, ಬೀದರ್ ಆಗ ಇದೇ ರಾಜ್ಯದ ಜಿಲ್ಲೆಗಳು. ಅಜ್ಜನ ಮನೆಯ ವಾಲ್ವ್ ರೇಡಿಯೋ ಹೈದರಾಬಾದಿನ ಕಡೆಗೇ ಕಿವಿ ಮಾಡಿಕೊಂಡಿತ್ತು ಎಂದು ಅಪ್ಪ ಹೇಳುತ್ತಾರೆ.

ಆ ಕಾಲದ ರೇಡಿಯೋಗಳಲ್ಲಿ 'ಟೋನ್' ಎಂಬ ಒಂದೇ ನಾಬ್ ಇರುತ್ತಿತ್ತು. ಒಳಗೆ ಒಂದು ಕೆಪಾಸಿಟರ್, ಒಂದು ರೆಸಿಸ್ಟರ್, ಅಷ್ಟೇ. ತಿರುಗಿಸಿದಂತೆಲ್ಲ ಮೇಲಿನ ದನಿ ನೆಲಕ್ಕೆ ಸೋರಿಹೋಗುತ್ತಿತ್ತು. ಅದು ಕೊಡುವ ನಾಬ್ ಆಗಿರಲಿಲ್ಲ, ಬರೀ ಕಳೆಯುವ ನಾಬ್. ಅದಕ್ಕೊಂದು ಕಾರಣವೂ ಇತ್ತು. ಮೀಡಿಯಂ ವೇವ್‌ನಲ್ಲಿ ಕೇಂದ್ರಗಳು ಒತ್ತೊತ್ತಾಗಿ ಕೂತಿರುತ್ತವೆ. ಸಿಡಿಲು, ಮೋಟಾರು, ಪಕ್ಕದ ಕೇಂದ್ರದ ಸಿಳ್ಳೆ ಎಲ್ಲ ಮೇಲಿನ ದನಿಯಲ್ಲೇ ನುಗ್ಗುತ್ತವೆ. ನಾಬನ್ನು ಮೆತ್ತನೆಯ ಕಡೆಗೆ ತಿರುಗಿಸಿದರೆ ಚರಚರ ಕಡಿಮೆಯಾಗಿ ವಾರ್ತೆ ಓದುವವರ ದನಿ ತುಂಬಿಕೊಂಡು ಕೇಳುತ್ತಿತ್ತು. ಒಂದಿಡೀ ತಲೆಮಾರಿಗೆ 'ಒಳ್ಳೆ ರೇಡಿಯೋ' ಎಂದರೆ ಗುಂಭಾದ ದನಿ. ಹೊಸ ಸೆಟ್ಟುಗಳು ಬಂದಾಗ ಅವರಿಗೆ ಅವು ಕಿರುಚಿದಂತೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ನನ್ನ ಮಾತಿಗೆ ಬರುತ್ತೇನೆ: ರೆಕಾರ್ಡ್ ಮಾಡಿದ ಹಾಗೆ. ಗ್ರಾಮೊಫೋನ್ ತಟ್ಟೆಯ ಗೀರಿನಲ್ಲಿ ಕೂತಿರುವ ದನಿ ಹಾಡಿದ ಹಾಗೆ ಇಲ್ಲವೇ ಇಲ್ಲ. ಕೆಳದನಿಯನ್ನು ಇದ್ದಂತೆಯೇ ಕೆತ್ತಿದರೆ ಗೀರು ಅಗಲಕ್ಕೆ ಓಲಾಡಿ ಪಕ್ಕದ ಗೀರಿಗೆ ಡಿಕ್ಕಿ ಹೊಡೆಯುತ್ತದೆ. ಅದಕ್ಕೆ ಮುದ್ರಿಸುವಾಗಲೇ ಬಾಸ್ ಇಳಿಸುತ್ತಾರೆ. ತಟ್ಟೆಯ ಮೇಲ್ಮೈಯ ಸುಂಯ್‌ ಸದ್ದು ಮೇಲಿನ ದನಿಯಲ್ಲಿರುವುದರಿಂದ ಟ್ರೆಬಲ್ ಏರಿಸಿ ಕೆತ್ತುತ್ತಾರೆ. ಮನೆಯಲ್ಲಿ ನುಡಿಸುವಾಗ ಇದಕ್ಕೆ ಸರಿಯಾಗಿ ಉಲ್ಟಾ ಮಾಡಬೇಕು. ಎಷ್ಟು ಎಂಬುದರಲ್ಲಿ ಕಂಪನಿಗೊಂದು ಲೆಕ್ಕವಿತ್ತು. ಹೀಗಾಗಿ 1950ರ ದಶಕದ ಒಳ್ಳೆಯ ಪ್ರೀಆಂಪುಗಳಲ್ಲಿ ಯಾವ ಬಗೆಯ ತಟ್ಟೆ ಎಂದು ಆರಿಸಲು ಪ್ರತ್ಯೇಕ ಸ್ವಿಚ್ಚೇ ಇರುತ್ತಿತ್ತು. ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ 1954ರಲ್ಲಿ ಆರ್‌ಐಎಎ ಎಂಬ ಒಂದೇ ಮಾಪನ ಗೊತ್ತುಮಾಡಿತು, ಕ್ರಮೇಣ ಜಗತ್ತು ಅದನ್ನು ಒಪ್ಪಿತು. ಅದರ ಪ್ರಕಾರ ನುಡಿಸುವಾಗ 20 ಹರ್ಟ್ಜ್‌ನ ತಳದನಿಯನ್ನು ಸುಮಾರು 20 ಡೆಸಿಬೆಲ್ ಏರಿಸಬೇಕು, 20,000 ಹರ್ಟ್ಜ್‌ನ ತುದಿದನಿಯನ್ನು ಅಷ್ಟೇ ಇಳಿಸಬೇಕು. 20 ಡೆಸಿಬೆಲ್ ಎಂದರೆ ವೋಲ್ಟೇಜಿನ ಲೆಕ್ಕದಲ್ಲಿ ಹತ್ತು ಪಟ್ಟು. ಅಪ್ಪನ ನಾಬ್ ಬಲತುದಿಗೆ ಹೋದರೂ ಅಷ್ಟು ಮಾಡಲಾರದು.

ಇದೆಲ್ಲಕ್ಕಿಂತ ಮೊದಲಿನ ರೆಕಾರ್ಡುಗಳ ಕತೆ ಇನ್ನೂ ತೊಡಕಿನದು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ತಟ್ಟೆಗಳು 1930ರ ದಶಕದವು. ಅವರ ಹೆಸರು ಆಗ ತಟ್ಟೆಯ ಮೇಲೆ ಗಾಂಧಾರಿ ಹುಬ್ಬಳ್ಳಿ ಎಂದು ಅಚ್ಚಾಗುತ್ತಿತ್ತು. ಅವುಗಳಲ್ಲಿರುವುದು ಸಣ್ಣ, ಎತ್ತರದ ದನಿ. ಗಂಟಲಿನ ಚಿಕಿತ್ಸೆಯ ನಂತರದ, ನಮಗೆಲ್ಲ ಪರಿಚಯದ ಆ ಗಡಸು ಗಂಭೀರ ದನಿ ಅಲ್ಲಿಲ್ಲ. ದನಿಯೇ ಬೇರೆ ಎಂಬುದು ನಿಜ. ಆದರೆ ಹಳೆಯ ತಟ್ಟೆಯನ್ನು ಹೊಸ ಮಾಪನದಲ್ಲಿ ನುಡಿಸಿದರೆ ಅದರಲ್ಲಿ ಎಷ್ಟು ಗಾಯಕಿಯದು, ಎಷ್ಟು ಯಂತ್ರದ್ದು ಎಂದು ಬಿಡಿಸಲು ಕೇಳುವವರು ನಾಬ್ ಮುಟ್ಟಲೇಬೇಕು. ಮುಟ್ಟದಿರುವುದು ಅಲ್ಲಿ ಪ್ರಾಮಾಣಿಕತೆಯಾಗುವುದಿಲ್ಲ.

ಹಾಗಾದರೆ ನಡುವಿನ ಸೊನ್ನೆ ಎಲ್ಲಿಂದ ಬಂತು? ಅದಕ್ಕೊಂದು ತಾರೀಕಿದೆ. 1952ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪೀಟರ್ ಬ್ಯಾಕ್ಸಂಡಾಲ್ ಎಂಬ ಎಂಜಿನಿಯರ್ ಒಂದು ಲೇಖನ ಬರೆದರು. ಮಾಲ್ವರ್ನ್ ಊರಿನಲ್ಲಿದ್ದ ಸರ್ಕಾರಿ ರೇಡಾರ್ ಸಂಶೋಧನಾಲಯದಲ್ಲಿ ಅವರ ಕೆಲಸ, ಒಳ್ಳೆಯ ದನಿ ಅವರ ಗೀಳು. ಅದುವರೆಗಿನ ಟೋನ್ ನಾಬುಗಳಲ್ಲಿ 'ಏನೂ ಮಾಡದ' ಸ್ಥಾನ ಎಂಬುದು ಅಂದಾಜಿನದು. ಬ್ಯಾಕ್ಸಂಡಾಲ್ ಮಾಡಿದ್ದಿಷ್ಟು: ಆಂಪ್ಲಿಫೈಯರಿನಿಂದ ಹೊರಬಂದ ದನಿಯ ಒಂದು ಪಾಲನ್ನು ಉಲ್ಟಾ ಮಾಡಿ ಒಳಕ್ಕೇ ಹಿಂತಿರುಗಿಸಿದರು, ಮತ್ತು ನಾಬನ್ನು ಒಳಬರುವ ದನಿ ಹಾಗೂ ಹಿಂತಿರುಗುವ ದನಿಯ ನಡುವೆ ಕೂರಿಸಿದರು. ಬಲಕ್ಕೆ ತಿರುಗಿಸಿದರೆ ಒಳಬರುವುದು ಹೆಚ್ಚು, ಹಿಂತಿರುಗುವುದು ಕಡಿಮೆ. ಆ ದನಿ ಏರುತ್ತದೆ. ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ನಟ್ಟನಡುವೆ ಎರಡೂ ಸಮ, ತಕ್ಕಡಿಯ ಮುಳ್ಳಿನ ಹಾಗೆ. ಬಾಸಿಗೊಂದು, ಟ್ರೆಬಲ್ಲಿಗೊಂದು ನಾಬ್, ಒಂದು ಇನ್ನೊಂದಕ್ಕೆ ಹೆಚ್ಚು ತೊಂದರೆ ಕೊಡುವುದಿಲ್ಲ. ಅವರು ಇದನ್ನು ಪೇಟೆಂಟ್ ಮಾಡಿಕೊಂಡು ದುಡ್ಡು ಎಣಿಸಲಿಲ್ಲ. ಪತ್ರಿಕೆಯಲ್ಲಿ ಅಚ್ಚಾದ ಚಿತ್ರವನ್ನು ನೋಡಿ ಜಗತ್ತೆಲ್ಲ ಕಟ್ಟಿಕೊಂಡಿತು.

ಆ ಚಿತ್ರ ಗುಜರಾತಿ ಗಲ್ಲಿಗೂ ಬಂತು. ಹೊರದೇಶದ ಸ್ಟೀರಿಯೋ ತರಿಸುವುದು ಸಾಮಾನ್ಯರ ಕೈಗೆ ಎಟುಕದ ಆ ವರ್ಷಗಳಲ್ಲಿ ಕಲ್ಕತ್ತೆಯ ಸೋನೋಡೈನ್, ಜೊತೆಗೆ ಕಾಸ್ಮಿಕ್, ಫಿಲಿಪ್ಸ್, ಬಿಪಿಎಲ್‌ಗಳ ಸೆಟ್ಟು ಸಿಗುತ್ತಿದ್ದವು. ಅದೂ ತುಟ್ಟಿ ಎನ್ನುವವರಿಗೆ ಬೆಂಗಳೂರಿನ ಎಸ್.ಪಿ. ರೋಡು, ಹೈದರಾಬಾದಿನ ಕೋಠಿ. 2ಎನ್3055 ಎಂಬ ಲೋಹದ ಟೊಪ್ಪಿಗೆಯ ಟ್ರಾನ್ಸಿಸ್ಟರ್ ಜೋಡಿ, ಒಂದು ಟ್ರಾನ್ಸ್‌ಫಾರ್ಮರ್, ಅಂಗೈ ಅಗಲದ ಒಂದು 'ಬಾಸ್-ಟ್ರೆಬಲ್ ಬೋರ್ಡ್'. ಮೊನ್ನೆ ಅಪ್ಪನ ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಿ ನೋಡಿದೆ. ಎಂಟು ಕಾಲಿನ 4558 ಐಸಿ, ಅದರ ಸುತ್ತ ಕೆಪಾಸಿಟರುಗಳು. ಬ್ಯಾಕ್ಸಂಡಾಲ್ ವಾಲ್ವಿನಿಂದ ಮಾಡಿದ್ದನ್ನೇ ಇಲ್ಲಿ ಐಸಿ ಮಾಡುತ್ತಿದೆ. ಜೋಡಿಸಿದ ಮೆಕ್ಯಾನಿಕ್ಕಿಗೆ ಆ ಹೆಸರು ಗೊತ್ತಿತ್ತೋ ಇಲ್ಲವೋ, ಅವನ ಕೈಗೆ ಆ ವಿದ್ಯೆ ಗೊತ್ತಿತ್ತು.

ಬೋರ್ಡ್ ಕೊಳ್ಳದವರಿಗೂ ಉಪಾಯವಿತ್ತು. ನಮ್ಮ ಓಣಿಯಲ್ಲಿ ಒಬ್ಬರು ಸ್ಪೀಕರನ್ನು ಮಣ್ಣಿನ ಗಡಿಗೆಯ ಬಾಯಿಗೆ ಮಲಗಿಸಿ ಇಟ್ಟಿದ್ದರು. ಗಡಿಗೆಯೊಳಗಿನ ಗಾಳಿ ತನ್ನದೇ ಒಂದು ಕೆಳದನಿಯಲ್ಲಿ ಅದುರಿ ಬಾಸ್ ಉಬ್ಬುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಬರುವ ಹೂಂಕಾರದ ತತ್ವವೇ ಇದು. ಚಿಕ್ಕ ಗಡಿಗೆಗೊಂದು ದನಿ, ದೊಡ್ಡದಕ್ಕೊಂದು. ಕುಂಬಾರರ ಅಂಗಡಿಯಲ್ಲಿ ಬಡಿದು ನೋಡಿ ಕೊಂಡು ತಂದರೆ ಅದೇ ಬಾಸ್ ಕಂಟ್ರೋಲ್.

ಟ್ರೆಬಲ್ಲಿನ ಕತೆ ಕ್ಯಾಸೆಟ್ಟಿನದು. 1963ರಲ್ಲಿ ಫಿಲಿಪ್ಸ್ ತಂದ ಈ ಪುಟ್ಟ ಡಬ್ಬಿ ಕನ್ನಡಕ್ಕೆ ಭಾವಗೀತೆಯನ್ನು ಮನೆಮನೆಗೆ ಒಯ್ದಿತು. ನಿಸಾರ್ ಅಹಮದರ 'ನಿತ್ಯೋತ್ಸವ' 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ಟಾಗಿ ಬಂತು. ಹಾಡಿನಲ್ಲಿ ಮಾತೇ ಮುಖ್ಯವಾದ ಈ ಬಗೆಗೆ ಮೇಲಿನ ದನಿ ಬೇಕೇಬೇಕು. ಸ, ಶ, ಚ, ತ ಇವುಗಳ ಗುರುತು ಇರುವುದೇ ಅಲ್ಲಿ. ಟೇಪಿಗೆ ಮೊದಲು ಪೆಟ್ಟು ಬೀಳುವುದೂ ಅಲ್ಲೇ. ನಕಲು ಮಾಡಿದಷ್ಟೂ ಟ್ರೆಬಲ್ ಸವೆಯುತ್ತದೆ. ಟೇಪ್ ಹೆಡ್ಡು ಕೂದಲೆಳೆಯಷ್ಟು ವಾರೆಯಾದರೂ ಹಾಡು ಕಂಬಳಿ ಹೊದ್ದಂತಾಗುತ್ತದೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು, ಹಾಡು ಓಡುತ್ತಿದ್ದಂತೆಯೇ, ದನಿ ತಟ್ಟನೆ ಬೆಳಗುವವರೆಗೆ ತಿರುಗಿಸುವುದು ರಿಪೇರಿ ಅಂಗಡಿಯ ಹುಡುಗರಿಗೆ ಮೊದಲ ಪಾಠ. ಅಪ್ಪನ ಬಳಿ ಅದಕ್ಕೆಂದೇ ಒಂದು ಸ್ಕ್ರೂಡ್ರೈವರ್ ಇತ್ತು, ತುದಿಗೆ ಕೆಂಪು ನೂಲು ಸುತ್ತಿದ್ದು. ಆಮೇಲೆ ಟೂ-ಇನ್-ಒನ್‌ಗಳಲ್ಲಿ ಮೂರೋ ಐದೋ ಜಾರುಗುಂಡಿಯ ಈಕ್ವಲೈಸರ್ ಬಂತು. ಎರಡು ತುದಿ ಮೇಲೆ, ನಡು ಕೆಳಗೆ. ನಮ್ಮ ತಲೆಮಾರಿನ ಎಷ್ಟೋ ಮನೆಗಳಲ್ಲಿ ಆ ಗುಂಡಿಗಳು ವರ್ಷಗಟ್ಟಲೆ ನಗುಮುಖದ ಆಕಾರದಲ್ಲೇ ನಿಂತಿರುತ್ತಿದ್ದವು.

ಇತ್ತ ನಾವು ಹೀಗೆ ಕಿವಿ ಹಿಂಡುತ್ತಿರುವಾಗ ಅತ್ತ ಬ್ರಿಟನ್ನಿನಲ್ಲಿ ನಾಬುಗಳು ಮಾಯವಾಗತೊಡಗಿದ್ದವು. 1970ರ ದಶಕದಲ್ಲಿ ನೇಮ್ ಎಂಬ ಕಂಪನಿ ಟೋನ್ ನಾಬುಗಳೇ ಇಲ್ಲದ ತುಟ್ಟಿ ಪ್ರೀಆಂಪುಗಳನ್ನು ಮಾರಿತು. ಜಪಾನಿನ ಆಂಪುಗಳಲ್ಲಿ 'ಡೈರೆಕ್ಟ್' ಎಂಬ ಗುಂಡಿ ಬಂತು. ಒತ್ತಿದರೆ ಬಾಸ್, ಟ್ರೆಬಲ್ ಎರಡನ್ನೂ ದಾಟಿ ದನಿ ನೇರ ಹೋಗುತ್ತದೆ. ಇದರ ಹಿಂದಿನ ವಾದ ಪೊಳ್ಳಲ್ಲ. ದಾರಿಯಲ್ಲಿ ಪ್ರತಿ ಹೆಚ್ಚಿನ ಭಾಗವೂ ಅಷ್ಟಿಷ್ಟು ಗದ್ದಲ ಸೇರಿಸುತ್ತದೆ, ಕಳಪೆ ನಾಬ್ ಸವೆದರೆ ಎಡಬಲ ಸ್ಪೀಕರುಗಳ ಸಮ ತಪ್ಪುತ್ತದೆ. ರೆಕಾರ್ಡ್ ಮಾಡಿದ ಎಂಜಿನಿಯರ್ ಗಂಟೆಗಟ್ಟಲೆ ಕೂತು ಹದಮಾಡಿದ್ದನ್ನು ನಾವು ಅರೆಕ್ಷಣದಲ್ಲಿ ಕೆಡಿಸುವುದೂ ಉಂಟು. ಆದರೆ ವಾದ ಮೆಲ್ಲಗೆ ನೀತಿಪಾಠವಾಯಿತು. ಸೊನ್ನೆಯಲ್ಲಿ ಕೇಳುವವರು ತಿಳಿದವರು, ತಿರುಗಿಸುವವರು ಅಡ್ಡಾದಿಡ್ಡಿ ರುಚಿಯವರು. ಬ್ಯಾಕ್ಸಂಡಾಲ್ ನಾಬಿಗೊಂದು ಸೊನ್ನೆ ಕೊಟ್ಟದ್ದು ಅಲ್ಲಿಂದ ಎರಡೂ ಕಡೆ ನಡೆಯಲೆಂದು. ಮುಂದಿನವರು ಆ ಸೊನ್ನೆಯನ್ನೇ ಗರ್ಭಗುಡಿ ಮಾಡಿದರು. ಕಾಲೇಜಿಗೆ ಬಂದ ಹೊಸತರಲ್ಲಿ, ಒಳ್ಳೆಯ ಸೆಟ್ಟು ಇದ್ದ ಗೆಳೆಯರ ರೂಮುಗಳಲ್ಲಿ ನಾನೂ ಈ ಪಾಠ ಕಲಿತೆ. ಊರಿನ ಗಡಿಗೆ ಸ್ಪೀಕರನ್ನು ನೆನೆದು ಅವರೆದುರು ನಾಚಿಕೊಂಡದ್ದು ನನಗಿನ್ನೂ ನೆನಪಿದೆ. ಅಪ್ಪನಿಗೆ ಹೇಳಿದ ಮಾತು ಅಲ್ಲಿಂದ ಬಂದದ್ದು.

ಎಲ್ಲ ತಯಾರಕರೂ ಆ ದಾರಿ ಹಿಡಿಯಲಿಲ್ಲ ಎಂಬುದನ್ನೂ ಹೇಳಬೇಕು. ಬ್ರಿಟನ್ನಿನದೇ ಕ್ವಾಡ್ ಕಂಪನಿ 1982ರ ತನ್ನ 34 ಎಂಬ ಪ್ರೀಆಂಪಿನಲ್ಲಿ 'ಟಿಲ್ಟ್' ಎಂಬ ನಾಬ್ ಕೊಟ್ಟಿತು. ಏತದ ಹಾಗೆ ಒಂದು ತುದಿ ಏರಿದರೆ ಇನ್ನೊಂದು ಇಳಿಯುತ್ತದೆ. ದನಿಯ ಒಟ್ಟು ಬಣ್ಣ ಬೆಚ್ಚಗೋ ತಣ್ಣಗೋ ಆಗುತ್ತದೆ. ರೆಕಾರ್ಡುಗಳು ಒಂದರಂತೆ ಒಂದಿರುವುದಿಲ್ಲ ಎಂಬ ಒಪ್ಪಿಗೆ ಅದರಲ್ಲಿತ್ತು.

ಸೊನ್ನೆಯ ನಂಬಿಕೆಗೆ ದೊಡ್ಡ ತೊಡಕು ಯಂತ್ರದಲ್ಲಿಲ್ಲ, ಕಿವಿಯಲ್ಲಿದೆ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು, ಬೇರೆ ಬೇರೆ ದನಿಗಳು ಒಂದೇ ಜೋರಿನಲ್ಲಿ ಕೇಳಬೇಕಾದರೆ ಎಷ್ಟೆಷ್ಟು ಶಕ್ತಿ ಬೇಕು ಎಂದು ಅಳೆದರು. ಆ ಗೆರೆಗಳನ್ನು ಮತ್ತೆ ಮತ್ತೆ ತಿದ್ದಿ 2003ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪರಿಷ್ಕರಿಸಿದರು. ಅದರ ಪ್ರಕಾರ, 1000 ಹರ್ಟ್ಜ್‌ನ ದನಿ 80 ಡೆಸಿಬೆಲ್ ಇದ್ದಾಗ, ಅಷ್ಟೇ ಜೋರಾಗಿ ಕೇಳಲು 100 ಹರ್ಟ್ಜ್‌ನ ಕೆಳದನಿಗೆ ಸುಮಾರು 92 ಬೇಕು. ವಾಲ್ಯೂಮ್ ಇಳಿಸಿ 40 ಡೆಸಿಬೆಲ್ಲಿಗೆ ತಂದರೆ ಅದಕ್ಕೆ ಸುಮಾರು 64 ಬೇಕು. ಅಂದರೆ ಅಂತರ 12ರಿಂದ 24ಕ್ಕೆ ಏರಿತು. ವಾಲ್ಯೂಮ್ ಇಳಿಸುವುದೇ ಬಾಸ್ ಇಳಿಸಿದಂತೆ. ನಾಬನ್ನು ಸೊನ್ನೆಯಲ್ಲಿಟ್ಟು ಮೆತ್ತಗೆ ಕೇಳುವವರು ರೆಕಾರ್ಡ್ ಮಾಡಿದ ಹಾಗೆ ಕೇಳುತ್ತಿಲ್ಲ, ಬಾಸ್ ಕಳೆದು ಕೇಳುತ್ತಿದ್ದಾರೆ. ಹಳೆಯ ಸೆಟ್ಟುಗಳ 'ಲೌಡ್‌ನೆಸ್' ಗುಂಡಿ ಇದ್ದದ್ದು ಇದಕ್ಕೇ.

ಮಲ್ಕಾಜ್‌ಗಿರಿಯಲ್ಲಿ ಇದು ದಿನದ ಅನುಭವ. ರಾತ್ರಿ ಹತ್ತರ ಮೇಲೆ ಗೋಡೆಯಾಚೆ ಮಗು ಮಲಗಿರುತ್ತದೆ, ಕೆಳಗಿನ ಮನೆಯವರು ನಸುಕಿಗೇ ಡ್ಯೂಟಿಗೆ ಹೋಗುವವರು. ವಾಲ್ಯೂಮ್ ಕಾಲುಭಾಗ ದಾಟುವಂತಿಲ್ಲ. ಸ್ಟೇಷನ್ ಹತ್ತಿರವಾದ್ದರಿಂದ ಗೂಡ್ಸ್ ಗಾಡಿಯ ಗುಡುಗುಡು ಕೆಳದನಿಯನ್ನು ಇನ್ನಷ್ಟು ನುಂಗುತ್ತದೆ. ತಂಬೂರಿ ಎಲ್ಲಿ ಹೋಯಿತು ಎಂದು ಹುಡುಕಬೇಕು. ಇಂಥ ಮನೆಗಾಗಿಯೇ ಬಾಸ್ ನಾಬ್ ಇರುವುದು, ಸ್ಟುಡಿಯೋದವರಿಗೆ ಅದು ಬೇಕಿಲ್ಲ.

ಇಷ್ಟೆಲ್ಲ ಓದಿಕೊಂಡ ಮೇಲೂ ಟ್ರೆಬಲ್ ವಿಷಯದಲ್ಲಿ ಅಪ್ಪನದು ಹಟ ಎಂದೇ ನನಗೆ ಅನ್ನಿಸುತ್ತಿತ್ತು. ದೀಪಾವಳಿಯ ಹಿಂದುಮುಂದಿನಲ್ಲಿ ಒಂದು ದಿನ ಕುಕ್ಕರ್ ಸೀಟಿ ಹೊಡೆದದ್ದು ಅವರಿಗೆ ಕೇಳಲಿಲ್ಲ. ಅನ್ನ ಸೀದಿತು. ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಒಂದೊಂದೇ ದನಿ ಕೇಳಿಸಿ ಒಂದು ಹಾಳೆಯ ಮೇಲೆ ಗೆರೆ ಎಳೆದು ಕೊಟ್ಟರು. 250ರಿಂದ 1000 ಹರ್ಟ್ಜ್‌ವರೆಗೆ ಗೆರೆ ಹೆಚ್ಚುಕಡಿಮೆ ಸಮ. 2000ಕ್ಕೆ ಬಾಗುತ್ತದೆ. 4000ಕ್ಕೆ ಬರುವಷ್ಟರಲ್ಲಿ ಬಾವಿಗಿಳಿಯುವ ಮೆಟ್ಟಿಲು. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ದನಿಗಳನ್ನೇ ಎಂದರು. ಮಾತು ಕೇಳುತ್ತದೆ, ಆದರೆ ಸ-ಶ-ತಗಳ ಅಂಚು ಹೋಗಿರುತ್ತದೆ. ಯಾರೋ ಗೊಣಗಿದಂತೆ ಅನ್ನಿಸುತ್ತದೆ.

ಆ ಹಾಳೆಯನ್ನು ಮನೆಗೆ ತಂದು ನೋಡಿದೆ. ಟ್ರೆಬಲ್ ನಾಬನ್ನು ಬಲತುದಿಗೆ ತಿರುಗಿಸಿದರೆ ದನಿ ಹೇಗೆ ಏರುತ್ತದೆ ಎಂದು ಪುಸ್ತಕಗಳಲ್ಲಿ ಬರೆದಿರುವ ಗೆರೆಯೂ 1000 ಹರ್ಟ್ಜ್‌ನ ಆಚೀಚೆ ಶುರುವಾಗಿ ಬಲಕ್ಕೆ ಹತ್ತುತ್ತದೆ. ಅಪ್ಪನ ಗೆರೆ ಅಲ್ಲೇ ಶುರುವಾಗಿ ಬಲಕ್ಕೆ ಇಳಿಯುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಕನ್ನಡಿ. ಅವರು ಎರಡು ತಿಂಗಳಿಂದ ತಮ್ಮ ಕಿವಿಯ ಲೆಕ್ಕವನ್ನು ತಾವೇ ಬೆರಳಲ್ಲಿ ಹಾಕಿಕೊಂಡಿದ್ದರು. ನಾನು ದಿನಾ ಅಳಿಸುತ್ತಿದ್ದೆ.

"ಮೊದಲ ಯಾಕ ಹೇಳಲಿಲ್ರಿ ಅಪ್ಪಾ?" ಎಂದೆ.

"ಏನಂತ ಹೇಳ್ಲಿ? ನಿನಗ ಸರಿ ಕೇಳಸ್ತಿತ್ತು. ನನ್ನ ಕಿವಿದೇ ತಪ್ಪಿರಬೇಕು ಅಂದ್ಕೊಂಡೆ."

ಸೊನ್ನೆಯನ್ನು ಧರ್ಮ ಮಾಡಿದರೆ ಆಗುವುದು ಇದೇ. ಇಪ್ಪತ್ತೈದರ ಕಿವಿ, ಹದಗೊಳಿಸಿದ ಕೋಣೆ, ಜೋರು ವಾಲ್ಯೂಮ್ ಇಷ್ಟನ್ನೂ ನಾಬಿನ ನಡುವಿನ ಚುಕ್ಕೆ ಊಹಿಸಿಕೊಂಡಿರುತ್ತದೆ. ಅದು ಯಾವುದೂ ಇಲ್ಲದವರು ತಪ್ಪು ತಮ್ಮದೇ ಎಂದುಕೊಂಡು ಸುಮ್ಮನಾಗುತ್ತಾರೆ.

ನಾಬ್ ಔಷಧಿಯಲ್ಲ ಎಂಬುದು ನಿಜ. ಅದು ಏರಿಸುವುದು ಹತ್ತು ಡೆಸಿಬೆಲ್ ಆಸುಪಾಸು. ಅಪ್ಪನಿಗೆ ಬೇಕಾದದ್ದು ಅದಕ್ಕಿಂತ ಬಹಳ. ಈಗ ಅವರ ಕಿವಿಯಲ್ಲಿ ಯಂತ್ರವಿದೆ. ಅದನ್ನು ಹೊಂದಿಸಿದ ಹುಡುಗಿ ಕಂಪ್ಯೂಟರ್ ಮುಂದೆ ಕೂತು, ಆ ಹಾಳೆ ನೋಡಿಕೊಂಡು, ಯಾವ ದನಿಗೆ ಎಷ್ಟು ಏರಿಸಬೇಕೆಂದು ಒಂದೊಂದೇ ಪಟ್ಟಿ ಎಳೆಯುತ್ತಿದ್ದಳು. ಟೂ-ಇನ್-ಒನ್ ಈಕ್ವಲೈಸರಿನ ಮೊಮ್ಮಗು ಅದು ಎಂದು ಅಪ್ಪನಿಗೆ ಹೇಳಿದೆ. ಮೆತ್ತನೆಯ ದನಿಯನ್ನು ಹೆಚ್ಚು, ಜೋರು ದನಿಯನ್ನು ಕಡಿಮೆ ಏರಿಸುವ ಜಾಣತನ ಇದಕ್ಕಿದೆ, ಅಷ್ಟೇ ವ್ಯತ್ಯಾಸ. ಮಾತಿಗೆ ಅದು ಚೆನ್ನ. ಆದರೆ ಮಾತಿಗೆಂದು ಹದಮಾಡಿದ ಯಂತ್ರದಲ್ಲಿ ಹಾರ್ಮೋನಿಯಂ ಒಡಕಾಗಿ ಕೇಳುತ್ತದಂತೆ. ಹಾಡು ಕೇಳುವಾಗ ಅದನ್ನು ತೆಗೆದಿಟ್ಟು, ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡು, ಹಳೆಯ ನಾಬನ್ನೇ ತಿರುಗಿಸುತ್ತಾರೆ.

ನಾಬಿನ ಪಕ್ಕ ಈಗ ಪೆನ್ಸಿಲಿನ ಎರಡು ಗುರುತಿವೆ. ರಾತ್ರಿಯ ಗುರುತು ನನ್ನದು: ಬಾಸ್ ಸ್ವಲ್ಪ ಮೇಲೆ, ಟ್ರೆಬಲ್ ನಡುವೆ. ಬೆಳಗಿನ ಗುರುತು ಅವರದು. ಬೆಳಿಗ್ಗೆ ಅವರು ಚಹಾ ಹಿಡಿದು ಬಂದು ಕೂರುವ ಮೊದಲೇ ಟ್ರೆಬಲ್ಲನ್ನು ಅವರ ಗುರುತಿಗೆ ತಂದಿಟ್ಟು ನಾನು ಆಫೀಸಿಗೆ ಹೊರಡುತ್ತೇನೆ.